ಆಡುಮಾತಿನ ಕಥೆಗಾರ ಮಾರ್ಕ್ ಟ್ವೇನ್

1896ರ ಜನವರಿ ಕೊನೆಯಲ್ಲಿ ಅಮೆರಿಕದ ಲೇಖಕರೊಬ್ಬರು ಮುಂಬಯಿಯಿಂದ ಪುಣೆಗೆ ರೈಲಿನಲ್ಲಿ ಪ್ರಯಾಣ ಮಾಡಿದರು. 1854ರಲ್ಲೇ ಕಲ್ಯಾಣವನ್ನು ಮುಟ್ಟಿದ್ದ ಆ ಹಳಿ, ಥಾಣೆ, ಡೊಂಬಿವಲಿಯ ನಮ್ಮವರು ಇಂದಿಗೂ ದಿನಬೆಳಗಾದರೆ ಹಿಡಿಯುವ ಅದೇ ಹಾದಿ. ಅರವತ್ತು ವರ್ಷದ ಆ ಪ್ರಯಾಣಿಕರು ಮಾರ್ಕ್ ಟ್ವೇನ್. ಜನರನ್ನು ನಗಿಸುವುದಕ್ಕಾಗಿ ದೇಶದೇಶ ಸುತ್ತುತ್ತಿದ್ದ ಅವರ ತಲೆಯ ಮೇಲೆ ಆಗ ದೊಡ್ಡ ಸಾಲವಿತ್ತು.

ಅವರ ನಿಜನಾಮ ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. ಹುಟ್ಟಿದ್ದು 1835ರ ನವೆಂಬರ್ 30ರಂದು, ಮಿಸ್ಸೌರಿ ಸಂಸ್ಥಾನದಲ್ಲಿ. ಬೆಳೆದದ್ದು ಮಿಸಿಸಿಪ್ಪಿ ನದಿಯ ದಂಡೆಯ ಹ್ಯಾನಿಬಲ್ ಎಂಬ ಸಣ್ಣ ಊರಿನಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಮುದ್ರಣಾಲಯದ ಅಚ್ಚುಮೊಳೆಗಳೇ ಪಾಠಶಾಲೆಯಾದವು. ಮುಂದೆ ನದಿಯ ಉಗಿಹಡಗುಗಳನ್ನು ನಡೆಸುವುದನ್ನು ಕಲಿತು 1859ರಲ್ಲಿ ಪರವಾನಗಿ ಪಡೆದರು. ಅದಕ್ಕೆ ಒಂದು ವರ್ಷ ಮೊದಲು, ಅವರೇ ಕೆಲಸ ಕೊಡಿಸಿದ್ದ ತಮ್ಮ ಹೆನ್ರಿ ಹಡಗಿನ ಬಾಯ್ಲರ್ ಸ್ಫೋಟದಲ್ಲಿ ಗಾಯಗೊಂಡು ತೀರಿಕೊಂಡಿದ್ದ. ಆ ಸಂಕಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅಂತರ್ಯುದ್ಧದಿಂದ ನದಿಯ ಸಂಚಾರ ನಿಂತಾಗ ಅಣ್ಣನೊಡನೆ ನೆವಾಡಕ್ಕೆ ಹೋಗಿ ಪತ್ರಕರ್ತರಾದರು. 1863ರಲ್ಲಿ ಧರಿಸಿದ ಕಾವ್ಯನಾಮವೂ ನದಿಯದೇ. ಆಳ ಅಳೆಯುವ ಹಗ್ಗದ ಎರಡನೆಯ ಗುರುತು, ಅಂದರೆ ಹನ್ನೆರಡು ಅಡಿ ನೀರು ಎಂದು ನಾವಿಕರು ಕೂಗಿ ಹೇಳುತ್ತಿದ್ದ ಮಾತದು.

ಕ್ಯಾಲಿಫೋರ್ನಿಯಾದ ಗಣಿಗಾರರ ಬಿಡಾರದಲ್ಲಿ ಕೇಳಿದ ಒಂದು ಹರಟೆ ಅವರ ಭಾಗ್ಯದ ಬಾಗಿಲನ್ನು ತೆರೆಯಿತು. 1865ರ ನವೆಂಬರಿನಲ್ಲಿ ನ್ಯೂಯಾರ್ಕಿನ ವಾರಪತ್ರಿಕೆಯಲ್ಲಿ ಪ್ರಕಟವಾದ ಜಿಗಿಯುವ ಕಪ್ಪೆಯ ಕಥೆ ಅದು. ಕಂಡ ಕಂಡದ್ದರ ಮೇಲೆಲ್ಲ ಪಂಥ ಕಟ್ಟುವ ಜಿಮ್ ಸ್ಮೈಲಿ ತನ್ನ ಕಪ್ಪೆಗೆ ಮೂರು ತಿಂಗಳು ಜಿಗಿತ ಕಲಿಸುತ್ತಾನೆ. ನಲವತ್ತು ಡಾಲರಿಗೆ ಪಂಥ ಕಟ್ಟಿದ ಅಪರಿಚಿತನೊಬ್ಬ, ಇವನು ಅತ್ತ ಹೋದಾಗ, ಕಪ್ಪೆಯ ಬಾಯೊಳಗೆ ಸೀಸದ ಗುಂಡುಗಳನ್ನು ತುಂಬಿಬಿಡುತ್ತಾನೆ. ಕಪ್ಪೆ ಭುಜ ಎತ್ತುತ್ತದೆ, ಅಲುಗುವುದಿಲ್ಲ. ಕಥೆ ಇಷ್ಟೇ. ಆದರೆ ಅದನ್ನು ಹೇಳುವವನು ಸೈಮನ್ ವೀಲರ್ ಎಂಬ ಮುದುಕ. ಆತ ಒಮ್ಮೆಯೂ ನಗುವುದಿಲ್ಲ, ದನಿ ಬದಲಿಸುವುದಿಲ್ಲ. ವ್ಯಾಕರಣದ ಗೊಡವೆಯಿಲ್ಲದೆ, ಜಗಲಿಯ ಮೇಲೆ ಕುಳಿತ ನಮ್ಮೂರ ಅಜ್ಜನಂತೆ, ಒಂದರಿಂದ ಇನ್ನೊಂದಕ್ಕೆ ಜಾರುತ್ತ ಹೋಗುತ್ತಾನೆ. ಹಾಸ್ಯ ಇರುವುದು ಸಂಗತಿಯಲ್ಲಲ್ಲ, ಹೇಳುವ ಬಗೆಯಲ್ಲಿ ಎಂಬುದನ್ನು ಟ್ವೇನ್ ಅವರು ಮುಂದೆ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ. ಈ ಕಥೆ ಫ್ರೆಂಚ್ ಭಾಷೆಗೆ ಹೋದಾಗ ನಗುವೆಲ್ಲ ಸೋರಿಹೋಯಿತೆಂದು ಕಂಡು, ಅವರು ಆ ಅನುವಾದವನ್ನೇ ಪದಕ್ಕೆ ಪದವಿಟ್ಟು ಮತ್ತೆ ಇಂಗ್ಲಿಷಿಗೆ ತಂದು ಅಚ್ಚುಹಾಕಿಸಿದರು. ಅದೂ ಒಂದು ಹಾಸ್ಯಕೃತಿಯೇ ಆಯಿತು!

ಕೈಲಾಸಂ ಅವರ ನಾಟಕಗಳನ್ನೂ ಬೀchi ಅವರ ತಿಂಮನನ್ನೂ ಬಲ್ಲ ನಮಗೆ ಇದು ಅಪರಿಚಿತವಲ್ಲ. ಧಾರವಾಡದ ಮಾತನ್ನು ಕುಂದಾಪುರದ ಕನ್ನಡಕ್ಕೆ ತಿರುಗಿಸಿದರೂ ಒಂದು ಎಳೆ ತಪ್ಪುತ್ತದೆಂಬುದು, ಎರಡೂ ಕಡೆಯವರು ನೆರೆಹೊರೆಯಾಗಿರುವ ಇಲ್ಲಿನ ಮನೆಗಳಿಗೆ ಚೆನ್ನಾಗಿ ಗೊತ್ತು.

1885ರಲ್ಲಿ ಅಮೆರಿಕದಲ್ಲಿ ಹೊರಬಂದ ಹಕಲ್‌ಬೆರಿ ಫಿನ್ ಕಾದಂಬರಿಯನ್ನು ಟ್ವೇನ್ ಓದುಬರಹ ಅಷ್ಟಕ್ಕಷ್ಟೇ ಬಲ್ಲ ಹುಡುಗನ ಬಾಯಿಂದಲೇ ಹೇಳಿಸಿದರು. ಭಾಷೆ ಒರಟೆಂದು ಕಾನ್ಕರ್ಡ್ ಊರಿನ ಗ್ರಂಥಾಲಯ ಅದನ್ನು ಹೊರಗಿಟ್ಟಿತು. ಅದೇ ಒರಟು ಭಾಷೆಯಲ್ಲಿ ಹುಡುಗ ಓಡಿಬಂದ ಗುಲಾಮನೊಬ್ಬನನ್ನು ಹಿಡಿದುಕೊಡಲಾರದೆ ತೊಳಲಾಡುತ್ತಾನೆ. ಗ್ರಂಥಾಲಯದವರ ಕಣ್ಣಿಗೆ ಅದು ಬೀಳಲಿಲ್ಲವೆಂದೇ ತೋರುತ್ತದೆ.

ಟ್ವೇನ್ ಅವರಿಗೆ ವ್ಯವಹಾರ ಒಲಿಯಲಿಲ್ಲ. ಅಚ್ಚುಮೊಳೆ ಜೋಡಿಸುವ ಯಂತ್ರವೊಂದಕ್ಕೆ ಹಣ ಸುರಿದರು. 1894ರಲ್ಲಿ ಅವರ ಪ್ರಕಾಶನ ಸಂಸ್ಥೆಯೂ ದಿವಾಳಿಯಾಯಿತು. ಪತ್ನಿ ಒಲಿವಿಯಾ ಅವರ ಒತ್ತಾಸೆಯೂ ಸೇರಿ, ಸಾಲವನ್ನು ಪೂರ್ತಿ ತೀರಿಸಲೇಬೇಕೆಂದು 1895ರಲ್ಲಿ ವಿಶ್ವಪರ್ಯಟನೆಗೆ ಹೊರಟರು. ಪತ್ನಿ ಮತ್ತು ಮಗಳು ಕ್ಲಾರಾ ಜೊತೆಗಿದ್ದರು.

ಮುಂಬಯಿಯಲ್ಲಿ ತಂಗಿದ್ದು ಕಾಲಾಘೋಡಾದ ವಾಟ್ಸನ್ಸ್ ಹೋಟೆಲಿನಲ್ಲಿ. ತರುಣ ಆಗಾಖಾನರು ಭೇಟಿಗೆ ಬಂದು ಹಕ್ ಫಿನ್ ಪಾತ್ರದ ಕುರಿತೇ ಮಾತಾಡಿದಾಗ ಅವರು ಹಿಗ್ಗಿದರು. ಆದರೆ ಹೋಟೆಲಿನಲ್ಲಿ ಜರ್ಮನ್ ಮನುಷ್ಯನೊಬ್ಬ ಭಾರತೀಯ ಸೇವಕನ ಕೆನ್ನೆಗೆ ಹೊಡೆದದ್ದನ್ನೂ, ಸೇವಕ ಅದನ್ನು ಮೌನವಾಗಿ ಸಹಿಸಿದ್ದನ್ನೂ ಕಂಡ ಆ ಗಳಿಗೆಯಲ್ಲಿ ಅವರ ಮನಸ್ಸು ಬಾಲ್ಯದ ಮಿಸ್ಸೌರಿಗೆ ಹಾರಿತು. ಗುಲಾಮ ಹುಡುಗನನ್ನು ತಂದೆ ಹೊಡೆಯುತ್ತಿದ್ದುದು, ಹತ್ತು ವರ್ಷದವರಿದ್ದಾಗ ಕಣ್ಣೆದುರೇ ಗುಲಾಮನೊಬ್ಬನ ಮೇಲೆ ಕಬ್ಬಿಣದ ಅದಿರಿನ ತುಂಡೆಸೆದು ಕೊಂದದ್ದು ನೆನಪಾದವು. 1897ರ ಪ್ರವಾಸಗ್ರಂಥದಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಗೆಗಾರರ ಪುಸ್ತಕವೆಂದು ಕೈಗೆತ್ತಿಕೊಂಡವರು ಆ ಪುಟಗಳಲ್ಲಿ ತಡೆದು ನಿಲ್ಲುತ್ತಾರೆ.

ಪರ್ಯಟನೆ ಮುಗಿದು ಇಂಗ್ಲೆಂಡಿನಲ್ಲಿದ್ದಾಗ, 1896ರ ಆಗಸ್ಟಿನಲ್ಲಿ, ತವರಿನಲ್ಲಿ ಉಳಿದಿದ್ದ ಹಿರಿಯ ಮಗಳು ಸೂಸಿ ತೀರಿಕೊಂಡ ಸುದ್ದಿ ತಲುಪಿತು. ಆಕೆಗೆ 24 ವರ್ಷ. 1898ರಲ್ಲಿ ಸಾಲವೆಲ್ಲ ತೀರಿತು. 1904ರಲ್ಲಿ ಪತ್ನಿ, 1909ರಲ್ಲಿ ಕಿರಿಯ ಮಗಳು ಜೀನ್ ಅಗಲಿದರು. 1910ರ ಏಪ್ರಿಲ್ 21ರಂದು ಅವರೂ ಕಣ್ಮುಚ್ಚಿದರು.

ಕಪ್ಪೆಯ ಕಥೆ ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಹದಿನೈದು ನಿಮಿಷದ ಓದು. ಕಣ್ಣಿನಲ್ಲಿ ಓದಿದರೆ ಮೊದಲ ಪುಟ ಒರಟೆನಿಸಬಹುದು. ರಾತ್ರಿ ಊಟವಾದ ಮೇಲೆ ಮನೆಯವರ ಮುಂದೆ ಒಬ್ಬರು ಗಟ್ಟಿಯಾಗಿ, ನಿಧಾನವಾಗಿ, ಮುದುಕ ವೀಲರನಂತೆ ಮುಖದಲ್ಲಿ ನಗೆ ತೋರದೆ ಓದಿ ನೋಡಿ.