ಕೇಳಿ ನಡೆದ ಪಂಡಿತಾ ರಮಾಬಾಯಿ



ದೇವರ ವಾಕ್ಯವನ್ನು ಕೇಳುವವರು ಬಹುಮಂದಿ. ಕೇಳಿದಂತೆ ನಡೆಯುವವರು ವಿರಳ. ಕಿವಿಯು ಮಂದವಾಗಿದ್ದರೂ ಆ ವಾಕ್ಯವನ್ನು ಚೆನ್ನಾಗಿ ಕೇಳಿದ ಒಬ್ಬ ಮಹಿಳೆಯ ಚರಿತ್ರೆಯನ್ನು ನಿಮಗೆ ಅರುಹಬೇಕೆಂದಿರುವೆನು. ಅವರೇ ಪಂಡಿತಾ ರಮಾಬಾಯಿಯವರು.

ಅವರು ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ನಮ್ಮ ಕನ್ನಡನಾಡಿನ ಪಶ್ಚಿಮಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ರೂಢಿಯನ್ನು ಮೀರಿ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದವರು. ಆ ತಾಯಿಯಿಂದಲೇ ರಮಾಬಾಯಿಯವರು ಪುರಾಣಗಳನ್ನು ಕಂಠಪಾಠಮಾಡಿದರು. ತೀರ್ಥಯಾತ್ರೆಯ ಕಾಲದಲ್ಲಿ ಬಡತನವೂ ಹಸಿವೂ ಬೆನ್ನಟ್ಟಲಾಗಿ ೧೮೭೪ರಲ್ಲಿ ತಾಯಿತಂದೆಗಳಿಬ್ಬರೂ ತೀರಿಕೊಂಡರು. ೧೮೭೮ರಲ್ಲಿ ಅಣ್ಣನೊಡನೆ ಕಲ್ಕತ್ತೆಯನ್ನು ಸೇರಿದಾಗ ಅಲ್ಲಿಯ ವಿದ್ವಾಂಸರು ಇವರ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣನು ಗತಿಸಿದನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿದರು. ೧೮೮೨ರಲ್ಲಿ ಹಸುಳೆ ಮನೋರಮೆಯೊಡನೆ ವಿಧವೆಯಾದರು.

ಪತಿಯೊಡನೆ ಅಸ್ಸಾಮಿನ ಸಿಲ್ಚಾರಿನಲ್ಲಿದ್ದಾಗ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತ್ತು. ೧೮೮೩ರಲ್ಲಿ ವೈದ್ಯವಿದ್ಯೆಯನ್ನು ಕಲಿಯಲು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಆದರೆ ಸಮಾಜವು ಹೊರದೂಡಿದ ಸ್ತ್ರೀಯರನ್ನು ಅಲ್ಲಿಯ ಕ್ರೈಸ್ತ ಸಹೋದರಿಯರು ಆದರಿಸುವುದನ್ನು ಕಂಡರು. ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಕರ್ತನು ಸಂಭಾಷಿಸಿದ ವೃತ್ತಾಂತವನ್ನು ಯೋಹಾನನ ಸುವಾರ್ತೆಯಲ್ಲಿ ಓದಿದರು. ಓದಿದ ಮಾತೂ ಕಂಡ ಕಾರ್ಯವೂ ಒಂದೇ ಎಂದು ಅವರ ಮನಸ್ಸಿಗೆ ತೋರಿತು. ಆ ವರ್ಷದ ಸೆಪ್ಟೆಂಬರ್ ೨೯ರಂದು ದೀಕ್ಷಾಸ್ನಾನವನ್ನು ಹೊಂದಿದರು.

ವಾಕ್ಯದಂತೆ ನಡೆಯುವುದು ಸುಲಭವಾಗಲಿಲ್ಲ. ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ಸ್ಥಾಪಿಸಿದರು. ಮರುವರ್ಷ ಅದು ಪುಣೆಗೆ ಬಂದಿತು. ರಮಾಬಾಯಿಯವರು ಯಾರನ್ನೂ ಬಲಾತ್ಕರಿಸಲಿಲ್ಲ. ಆದರೆ ತಾವು ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚಲೂ ಇಲ್ಲ. ಕೆಲವು ಬಾಲಿಕೆಯರು ತಾವಾಗಿಯೇ ಬಂದು ಕುಳಿತುದರಿಂದ ೧೮೯೩ರಲ್ಲಿ ಊರಲ್ಲಿ ಕೋಲಾಹಲವೆದ್ದಿತು. ಸಲಹಾಮಂಡಳಿಯವರು ರಾಜೀನಾಮೆಯಿತ್ತರು, ಪೋಷಕರು ಅನೇಕ ಬಾಲಿಕೆಯರನ್ನು ಬಿಡಿಸಿಕೊಂಡು ಹೋದರು. ಆದರೂ ಆ ಬಾಗಿಲು ತೆರೆದೇ ಇತ್ತು.

೧೮೯೬-೯೭ರ ಭೀಕರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತ್ಯಕ್ಕೆ ತೆರಳಿ, ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ತಾವೇ ಹಸಿವನ್ನುಂಡವರಿಗೆ ಹಸಿದವರ ಗೋಳು ಬೇಗನೆ ಕೇಳಿಸಿತು. ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲುಮಾರ್ಗದ ಕೇಡಗಾಂವದಲ್ಲಿ ಮುಕ್ತಿಸದನವು ಹೀಗೆ ಬೆಳೆಯಿತು. ನಮ್ಮ ನೆರೆಯ ಗುಲ್ಬರ್ಗದಲ್ಲಿ, ಈಗಿನ ಕಲಬುರಗಿಯಲ್ಲಿ, ೧೯೧೨ರಲ್ಲಿ ಕ್ರೈಸ್ತ ಪ್ರೌಢಶಾಲೆಯನ್ನು ಸ್ಥಾಪಿಸಿದವರೂ ಅವರೇ. ಮಗಳು ಮನೋರಮಾಬಾಯಿಯವರು ಅದರ ಮುಖ್ಯಾಧ್ಯಾಪಿನಿಯಾಗಿದ್ದರು.

ಹೆಚ್ಚು ಓದುಬಾರದ ಸ್ತ್ರೀಯರಿಗೂ ದೇವರ ವಾಕ್ಯವು ತಿಳಿಯಬೇಕೆಂದು ಅವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ಭಾಷಾಂತರಿಸಿದರು. ಅಚ್ಚುಮೊಳೆಗಳನ್ನು ಜೋಡಿಸಿದವರೂ ಮುಕ್ತಿಸದನದ ಸ್ತ್ರೀಯರೇ. ೧೯೨೧ರಲ್ಲಿ ಮಗಳು ತೀರಿಕೊಂಡರೂ ಆ ಕೆಲಸವನ್ನು ಕೈಬಿಡಲಿಲ್ಲ. ೧೯೨೨ನೆಯ ಇಸವಿ ಏಪ್ರಿಲ್ ೫ರಂದು ಅವರು ದೈವಾಧೀನರಾದರು. ಸಂಪೂರ್ಣ ಗ್ರಂಥವು ೧೯೨೪ರಲ್ಲಿ ಹೊರಬಂದಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಿಂದ ಬಂದಿರುವ ನಿಮಗೆ ಬರವೆಂದರೇನು, ದೂರದ ಬಾವಿಯಿಂದ ಕೊಡ ಹೊತ್ತು ತರುವುದೆಂದರೇನು ಎಂದು ನಾನು ಹೇಳಬೇಕಾಗಿಲ್ಲ. ಪ್ರತಿದಿನ ಬೆಳಿಗ್ಗೆ ಪ್ರಾರ್ಥನಾಮಂದಿರದಲ್ಲಿ ನೀವು ವಾಕ್ಯವನ್ನು ಕೇಳುತ್ತೀರಿ. ರಜೆಗೆ ಊರಿಗೆ ಹೋದಾಗ, ಓದುಬಾರದ ನೆರೆಮನೆಯ ತಂಗಿಗೆ ಎರಡಕ್ಷರ ಕಲಿಸಿರಿ. ಯಾರೂ ಮಾತನಾಡಿಸದ ವಿಧವೆಯ ಮನೆಗೆ ಹೋಗಿ ಒಂದು ಕೊಡ ನೀರು ತಂದುಕೊಡಿರಿ. ಆಗ ನೀವು ಆ ವಾಕ್ಯವನ್ನು ನಿಜವಾಗಿ ಕೇಳಿದ್ದೀರೆಂದು ನಾನು ತಿಳಿಯುವೆನು.