ಡಯಾಲಿಸಿಸ್ ಶುರುವಾದರೆ ಬದುಕು ಮುಗಿಯಿತೇ? ಜೆಪಿ ಅವರ ಕೊನೆಯ ನಾಲ್ಕು ವರ್ಷ ಬೇರೆಯೇ ಹೇಳುತ್ತವೆ

ಕಿಡ್ನಿ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಡಯಾಲಿಸಿಸ್ ಒಮ್ಮೆ ಹಚ್ಚಿದರೆ ಆ ಮನುಷ್ಯನ ಕಥೆ ಮುಗಿದಂತೆ ಎಂಬುದು ಒಂದು. ಯಾವುದೋ ಕಷಾಯ ಕುಡಿದರೆ ಕೆಟ್ಟ ಕಿಡ್ನಿ ಮೊದಲಿನಂತಾಗುತ್ತದೆ ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದು ರೋಗಿಯನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ, ಎರಡನೆಯದು ಚಿಕಿತ್ಸೆ ತಡ ಮಾಡಿಸುತ್ತದೆ. ಏಕೆ ತಪ್ಪು ಎಂದು ತಿಳಿಯಲು ನಾವು ಇಲ್ಲಿ ಲೋಕನಾಯಕ ಜಯಪ್ರಕಾಶ್ ನಾರಾಯಣ್ ಅವರ ಬದುಕನ್ನು ನೋಡೋಣ.

ಯಾರು ಈ ಜೆಪಿ?

ಜೆಪಿ ಹುಟ್ಟಿದ್ದು 1902ರ ಅಕ್ಟೋಬರ್ 11ರಂದು, ಸಿತಾಬ್‌ದಿಯಾರಾದಲ್ಲಿ. 1922ರಲ್ಲಿ ಓದಲು ಅಮೆರಿಕಕ್ಕೆ ಹೋದರು, ಅಲ್ಲಿ ಕೂಲಿ ಮಾಡಿ ಫೀ ಕಟ್ಟಿದರು. ಮರಳಿ ಬಂದು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. 1942ರ ದೀಪಾವಳಿ ರಾತ್ರಿ ಹಜಾರಿಬಾಗ್ ಜೈಲಿನ ಗೋಡೆ ಹಾರಿ ತಪ್ಪಿಸಿಕೊಂಡ ಸುದ್ದಿ ದೇಶದ ತುಂಬ ಹರಡಿತು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರ ಬೇಡವೆಂದು ವಿನೋಬಾ ಭಾವೆ ಅವರ ಭೂದಾನ ಚಳವಳಿ ಸೇರಿದರು. 1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ಚಳವಳಿಗೆ ಕರೆದಾಗ ಅವರಿಗೆ ಎಪ್ಪತ್ತರ ಮೇಲಾಗಿತ್ತು. ಸಕ್ಕರೆ ಕಾಯಿಲೆ ಇತ್ತು. ಅದೇ ವರ್ಷ ಪ್ರಾಸ್ಟೇಟ್ ತೊಂದರೆಗೆ ವೆಲ್ಲೂರಿಗೆ ಹೋಗಿ ಚಿಕಿತ್ಸೆ ಪಡೆದಿದ್ದರು.

1975ರ ಜೂನ್ 26ರ ಬೆಳಗಿನ ಜಾವ, ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಬಂಧಿಸಿದರು. ಚಂಡೀಗಡದ ಪಿಜಿಐ ಆಸ್ಪತ್ರೆಯಲ್ಲಿ ಬಂಧನದಲ್ಲಿದ್ದಾಗ ಆರೋಗ್ಯ ಕುಸಿಯಿತು. ನವೆಂಬರ್ 12ರಂದು ಬಿಡುಗಡೆಯಾಯಿತು. ಅದೇ ತಿಂಗಳು ಮುಂಬೈನ ಜಸ್ಲೋಕ್ ಆಸ್ಪತ್ರೆ ಸೇರಿದರು. ಅಲ್ಲಿ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಗೊತ್ತಾಗಿ ಡಯಾಲಿಸಿಸ್ ಶುರುವಾಯಿತು.

ಕಿಡ್ನಿ ಕೆಡುವುದರಲ್ಲಿ ಎರಡು ಬಗೆ

ಮೊದಲನೆಯದು ದಿಢೀರ್ ಹಾನಿ. ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಕಿಡ್ನಿಯ ಕೆಲಸ ಕುಸಿಯುತ್ತದೆ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಇದರ ಕಾರಣಗಳು ಕಣ್ಣೆದುರೇ ಇವೆ: ಬಿಸಿಲಲ್ಲಿ ನೀರು ಕುಡಿಯದೆ ದಿನವಿಡೀ ಕಬ್ಬು ಕಡಿಯುವುದು, ಮೈಕೈ ನೋವಿಗೆ ಡೈಕ್ಲೋಫಿನಾಕ್‌ನಂಥ ಮಾತ್ರೆ ನುಂಗುತ್ತಲೇ ಇರುವುದು, ಜೋರು ವಾಂತಿ-ಭೇದಿ, ಕೊಳಕುಮಂಡಲ ಹಾವಿನ ಕಡಿತ, ವಯಸ್ಸಾದ ಗಂಡಸರಲ್ಲಿ ಮೂತ್ರ ಕಟ್ಟುವುದು. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರ ಕಿಡ್ನಿ ಚೇತರಿಸಿಕೊಳ್ಳುತ್ತದೆ. ಕೆಲವರಿಗೆ ಒಂದಷ್ಟು ದಿನ ಡಯಾಲಿಸಿಸ್ ಮಾಡಿ ನಿಲ್ಲಿಸುತ್ತಾರೆ. ಹಾಗಾಗಿ ಒಮ್ಮೆ ಹಚ್ಚಿದರೆ ಬಿಡಿಸಲಾಗದು ಎಂಬ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ.

ಎರಡನೆಯದು ದೀರ್ಘಕಾಲದ ಕಾಯಿಲೆ. ಹಾನಿ 3 ತಿಂಗಳಿಗಿಂತ ಹೆಚ್ಚು ಉಳಿದರೆ ವೈದ್ಯರು ಹೀಗೆ ಕರೆಯುತ್ತಾರೆ. ಸಕ್ಕರೆ ಕಾಯಿಲೆ ಮತ್ತು ಬಿಪಿ ಮುಖ್ಯ ಕಾರಣಗಳು. ಇದು ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ಸತ್ತ ಭಾಗವನ್ನು ಯಾವ ಕಷಾಯವೂ ಮರಳಿ ತರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳುವುದೇ ಚಿಕಿತ್ಸೆಯ ಗುರಿ.

ಈ ಎರಡು ಬಗೆ ಒಂದಕ್ಕೊಂದು ಅಂಟಿಕೊಂಡಿವೆ. ಸಕ್ಕರೆ ಕಾಯಿಲೆ ಇದ್ದವರಿಗೆ ದಿಢೀರ್ ಹಾನಿ ಬೇಗ ತಟ್ಟುತ್ತದೆ, ದಿಢೀರ್ ಹಾನಿಯಿಂದ ಪೂರ್ತಿ ಚೇತರಿಸದವರು ದೀರ್ಘಕಾಲದ ರೋಗಿಗಳಾಗುತ್ತಾರೆ. ಜೆಪಿ ಅವರ ಕಿಡ್ನಿ ಮರಳಿ ಕೆಲಸ ಮಾಡಲಿಲ್ಲ. ಬಂಧನದಲ್ಲಿ ಬೇಕಂತಲೇ ಕೆಡಿಸಿದರು ಎಂಬ ಅನುಮಾನ ಆಗಲೂ ಇತ್ತು. ಜನತಾ ಸರ್ಕಾರ ಬಂದ ಮೇಲೆ ಚಿಕಿತ್ಸೆಯ ವಿಚಾರಣೆಗೆ ಕರ್ನಾಟಕದವರೇ ಆದ ವೈದ್ಯ, ರಾಜಕಾರಣಿ ಡಾ. ನಾಗಪ್ಪ ಆಳ್ವ ಅವರನ್ನು ನೇಮಿಸಿತ್ತು. ಆದರೆ ಆ ಅನುಮಾನ ಇಂದಿಗೂ ಸಾಬೀತಾಗಿಲ್ಲ.

ಯಂತ್ರದ ಜೊತೆ ನಾಲ್ಕು ವರ್ಷ

ಯಂತ್ರಕ್ಕೆಂದು ಪ್ರಧಾನಿ ಪರಿಹಾರ ನಿಧಿಯಿಂದ ಬಂದ ಹಣವನ್ನು ಜೆಪಿ ಒಪ್ಪಲಿಲ್ಲ, ಜನರ ದೇಣಿಗೆಯನ್ನು ಒಪ್ಪಿಕೊಂಡರು. ಮುಂದೆ ಪಟ್ನಾದ ಮನೆಯಲ್ಲೇ ಡಯಾಲಿಸಿಸ್ ನಡೆಯುತ್ತಿತ್ತು. 1977ರ ಚುನಾವಣೆಯಲ್ಲಿ ಚಿಕಿತ್ಸೆಯ ನಡುವೆಯೇ ಸಭೆಗಳಲ್ಲಿ ಮಾತನಾಡಿದರು. ಮಾರ್ಚ್ 24ರಂದು ರಾಜಘಾಟ್‌ನಲ್ಲಿ ಜನತಾ ಸಂಸದರಿಗೆ ಪ್ರತಿಜ್ಞೆ ಬೋಧಿಸಿದಾಗ ಅವರು ಡಯಾಲಿಸಿಸ್ ಹಿಡಿದು ಒಂದು ವರ್ಷ ದಾಟಿತ್ತು.

ಇದರ ಹಿಂದೆ ದಿನನಿತ್ಯದ ಶುಶ್ರೂಷೆ ಇರುತ್ತದೆ. ಡಯಾಲಿಸಿಸ್ ರೋಗಿ ಮನೆಯಲ್ಲಿದ್ದರೆ ನೀವು ಮಾಡಬೇಕಾದ್ದು ಇಷ್ಟು:

– ದಿನಾ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಎರಡು ದಿನದಲ್ಲಿ ಏರಿದ ತೂಕ ಬಹುಪಾಲು ನೀರಿನದೇ.
– ನೀರು ಹೆಚ್ಚು ಕುಡಿದಷ್ಟೂ ಕಿಡ್ನಿಗೆ ಒಳ್ಳೆಯದು ಎಂಬ ಫಾರ್ವರ್ಡ್ ಇವರಿಗಲ್ಲ. ಹೆಚ್ಚಾದ ನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟಿಸಬಹುದು. ವೈದ್ಯರು ಹೇಳಿದ ಅಳತೆಯಷ್ಟೇ ಕೊಡಿ.
– ಎಳನೀರು, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯ ನಿಲ್ಲಬಹುದು. ಕೇಳಿಯೇ ಕೊಡಿ.
– ಫಿಸ್ಟುಲಾ ಮಾಡಿದ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ.
– ಒಂದು ಸರದಿಯೂ ತಪ್ಪಿಸಬೇಡಿ.

ಬದುಕಿದ್ದಾಗಲೇ ಬಂದ ಸಾವಿನ ಸುದ್ದಿ

1979ರ ಮಾರ್ಚ್‌ನಲ್ಲಿ ಜೆಪಿ ಜಸ್ಲೋಕ್‌ನಲ್ಲಿದ್ದಾಗ, ಅವರು ತೀರಿಕೊಂಡರು ಎಂದು ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲೇ ಹೇಳಿಬಿಟ್ಟರು. ಸದನ ಶ್ರದ್ಧಾಂಜಲಿ ಸಲ್ಲಿಸಿತು, ಆಕಾಶವಾಣಿ ಸುದ್ದಿ ಬಿತ್ತರಿಸಿತು. ಜೆಪಿ ಮಾತ್ರ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದರು. ಆಗ ವಾಟ್ಸಾಪ್ ಇರಲಿಲ್ಲ. ದೊಡ್ಡವರ ಬಾಯಿಂದ ಬಂದಿದೆ ಎಂದ ಮಾತ್ರಕ್ಕೆ ಸುದ್ದಿ ನಿಜವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆಮೇಲೂ ಆರು ತಿಂಗಳು ಬದುಕಿದ ಅವರು 1979ರ ಅಕ್ಟೋಬರ್ 8ರಂದು ಪಟ್ನಾದಲ್ಲಿ ತೀರಿಕೊಂಡರು.

ಜೆಪಿಗೆ ಹಣ ಕೂಡಿಸಲು ದೇಶವೇ ಇತ್ತು. ಇಂದು ರಾಜ್ಯದ ತಾಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸಿಗುತ್ತದೆ. ಮಿರಜ, ಬೆಳಗಾವಿಗೆ ಸಾಲ ಮಾಡಿ ಓಡುವ ಮುನ್ನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಸಕ್ಕರೆ, ಬಿಪಿ ಇದ್ದವರು ವರ್ಷಕ್ಕೊಮ್ಮೆ ಕ್ರಿಯೇಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಮೂತ್ರ ತೀರ ಕಡಿಮೆಯಾದರೆ, ಮುಖ ಅಥವಾ ಕಾಲು ಬಾತರೆ ಅದೇ ದಿನ ವೈದ್ಯರ ಬಳಿ ಹೋಗಿ. ಕಷಾಯದ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ, ಅದರ ಬದಲು ಇದನ್ನು ಕಳಿಸಿ.