ಹೆಸರು ಹೋಲಿದರೆ ಊರು ಅದೇ ಆಗಿಬಿಡುತ್ತದೆಯೇ? ಬೈಬಲಿನ ಊರುಗಳನ್ನು ಹುಡುಕಿದ ಎಡ್ವರ್ಡ್ ರಾಬಿನ್‌ಸನ್

ಯಾವುದೋ ಊರಿನ ಹೆಸರು ಪುರಾತನ ಗ್ರಂಥವೊಂದರ ಊರಿನ ಹೆಸರನ್ನು ಹೋಲುತ್ತದೆ, ಆದ್ದರಿಂದ ಎರಡೂ ಒಂದೇ ಎನ್ನುವ ಫಾರ್ವರ್ಡ್‌ಗಳು ನಮಗೆಲ್ಲ ಬರುತ್ತಲೇ ಇರುತ್ತವೆ. ಹೆಸರಿನ ಹೋಲಿಕೆ ನಿಜಕ್ಕೂ ಸಾಕ್ಷಿಯೇ? ಇದನ್ನು ತಿಳಿಯಲು ಎಡ್ವರ್ಡ್ ರಾಬಿನ್‌ಸನ್ ಅವರ ಬದುಕನ್ನು ನೋಡೋಣ.

ರಾಬಿನ್‌ಸನ್ ಹುಟ್ಟಿದ್ದು 1794ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಹೀಬ್ರೂ ಕಲಿತು, ಹೆಚ್ಚಿನ ಓದಿಗೆ ಜರ್ಮನಿಗೆ ಹೋದರು. 1837ರಲ್ಲಿ ನ್ಯೂಯಾರ್ಕಿನ ಯೂನಿಯನ್ ಥಿಯೊಲಾಜಿಕಲ್ ಸೆಮಿನರಿ ಅವರನ್ನು ಪ್ರಾಧ್ಯಾಪಕ ಹುದ್ದೆಗೆ ಕರೆಯಿತು. ಮೊದಲು ಪ್ಯಾಲೆಸ್ಟೈನ್ ನೋಡಿ ಬರುತ್ತೇನೆ ಎಂಬ ಷರತ್ತಿನ ಮೇಲೆ ಅವರು ಒಪ್ಪಿಕೊಂಡರು.

ಬೈಬಲಿನ ಯೆಹೋಶುವನ ಗ್ರಂಥದಲ್ಲಿ ಇಸ್ರಾಯೇಲಿನ ಯಾವ ಕುಲಕ್ಕೆ ಯಾವ ಊರುಗಳು ಎಂಬ ಉದ್ದನೆಯ ಪಟ್ಟಿಗಳಿವೆ. ಬಹುಪಾಲು ಬರೀ ಹೆಸರುಗಳು. ಅವುಗಳಲ್ಲಿ ಎಷ್ಟೋ ಊರುಗಳು ಎಲ್ಲಿದ್ದವು ಎಂಬುದೇ ಮರೆತುಹೋಗಿತ್ತು. ಯಾತ್ರಿಕರಿಗೆ ಮಠಗಳವರು ತೋರಿಸಿದ್ದೇ ಜಾಗ. ರಾಬಿನ್‌ಸನ್ ಆ ಮಾತುಗಳನ್ನು ಸುಮ್ಮನೆ ನಂಬಲಿಲ್ಲ.

1838ರಲ್ಲಿ ಅವರು ಕೈರೋದಿಂದ ಹೊರಟರು. ಜೊತೆಗಿದ್ದವರು ಅರಬ್ಬಿ ಚೆನ್ನಾಗಿ ಬಲ್ಲ ಇಲೈ ಸ್ಮಿತ್. ಕೈಯಲ್ಲಿ ದಿಕ್ಸೂಚಿ, ದೂರವನ್ನು ಅಳೆಯಲು ಒಂಟೆ ನಡೆದ ಗಂಟೆಗಳ ಲೆಕ್ಕ. ಇಬ್ಬರೂ ಬೇರೆಬೇರೆಯಾಗಿ ಟಿಪ್ಪಣಿ ಬರೆದುಕೊಂಡರು. ಇದು ಇಂಥ ಊರೇ ತಾನೇ ಎಂದು ಹಳ್ಳಿಯವರನ್ನು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಜನ ಹೌದು ಎಂದುಬಿಡುತ್ತಾರೆ. ಆ ಗುಡ್ಡದ ಹೆಸರೇನು, ಈ ಹಳ್ಳಿಯ ಹೆಸರೇನು ಎಂದಷ್ಟೇ ಕೇಳುತ್ತಿದ್ದರು.

ಹೀಬ್ರೂ ಮತ್ತು ಅರಬ್ಬಿ ಒಂದೇ ಭಾಷಾ ಕುಟುಂಬದವು. ಹಾಗಾಗಿ ಹಳೆಯ ಹೆಸರುಗಳು ರೈತರ ಬಾಯಲ್ಲಿ ಸ್ವಲ್ಪ ಬದಲಾಗಿ ಉಳಿದಿದ್ದವು. ಗಿಬ್ಯೋನ್ ಎಲ್-ಜೀಬ್ ಆಗಿತ್ತು, ಮಿಕ್ಮಾಷ್ ಮುಖ್ಮಾಸ್ ಆಗಿತ್ತು. ಹೆಬ್ರೋನಿನ ದಕ್ಷಿಣಕ್ಕೆ ಮಯೀನ್, ಕುರ್ಮುಲ್, ಜೀಫ್, ಯತ್ತಾ ಎಂಬ ಹೆಸರುಗಳು ಹತ್ತಿರಹತ್ತಿರದಲ್ಲೇ ಸಿಕ್ಕವು. ಯೆಹೂದ ಕುಲದ ಪಟ್ಟಿಯಲ್ಲೂ ಮಾವೋನ್, ಕರ್ಮೆಲ್, ಜೀಫ್, ಯುಟ್ಟಾ ಒಟ್ಟಿಗೇ ಬರುತ್ತವೆ. ಒಂದು ಹೆಸರು ಆಕಸ್ಮಿಕವಾಗಿ ಹೋಲಬಹುದು. ನೆರೆಹೊರೆಯೂ ಹಾಗೇ ಹೊಂದಿಕೊಂಡರೆ ಅದಕ್ಕೆ ತೂಕ ಬರುತ್ತದೆ.

ಹೆಸರು ಹೋಲಿದರೂ ಅವರು ಬೇಡವೆಂದ ಜಾಗಗಳಿವೆ. ಉಮ್ ಲಾಕಿಸ್ ಎಂಬಲ್ಲಿನ ಅವಶೇಷಗಳು ಅಸ್ಸೀರಿಯದ ಸೈನ್ಯವನ್ನು ಎದುರಿಸಿದ ಲಾಕೀಷ್ ಕೋಟೆಗೆ ತಕ್ಕಂತಿಲ್ಲ ಎಂದು ಅದನ್ನು ಬಿಟ್ಟರು. ಲಾಕೀಷ್ ಬೇರೆ ಕಡೆ, ಟೆಲ್ ಎದ್-ದುವೇರ್ ಎಂಬ ದಿಬ್ಬದಲ್ಲಿತ್ತು ಎಂದು ವಿದ್ವಾಂಸರು ಒಪ್ಪಿಕೊಂಡಿದ್ದು 20ನೇ ಶತಮಾನದಲ್ಲಿ.

ರಾಬಿನ್‌ಸನ್ ಎಡವಿದ್ದೂ ಉಂಟು. ಟೆಲ್ ಎಲ್-ಹೆಸಿ ಎಂಬ ದಿಬ್ಬದ ಮೇಲೆ ನಿಂತರೂ ಅವರಿಗೆ ಪಾಳು ಊರು ಕಾಣಲಿಲ್ಲ. ಆ ದಿಬ್ಬವೇ ಒಂದರ ಮೇಲೊಂದು ಕಟ್ಟಿದ ಊರುಗಳ ರಾಶಿ ಎಂಬುದನ್ನು 1890ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಗೆದು ತೋರಿಸಿದರು. ಮಣ್ಣಿನ ಪದರ, ಮಡಕೆಚೂರುಗಳಿಂದ ಕಾಲ ಗುರುತಿಸುವ ವಿದ್ಯೆ ರಾಬಿನ್‌ಸನ್ ಅವರ ಕಾಲದಲ್ಲಿ ಇರಲಿಲ್ಲ.

1841ರಲ್ಲಿ ಅವರ ಪ್ರವಾಸ ಗ್ರಂಥ ಇಂಗ್ಲಿಷ್, ಜರ್ಮನ್ ಎರಡರಲ್ಲೂ ಬಂತು. ಮರುವರ್ಷ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. 1852ರಲ್ಲಿ ಮತ್ತೊಮ್ಮೆ ಹೋಗಿಬಂದರು. 1863ರಲ್ಲಿ ತೀರಿಕೊಂಡರು. ಸುಮಾರು ನೂರು ವರ್ಷದ ಮೇಲೆ, 1956ರಿಂದ ಎಲ್-ಜೀಬ್‌ನಲ್ಲಿ ಉತ್ಖನನ ನಡೆದಾಗ ಗಿಬ್ಯೋನ್ ಎಂದು ಹೀಬ್ರೂವಿನಲ್ಲಿ ಕೊರೆದ ಜಾಡಿಯ ಹಿಡಿಕೆಗಳೇ ಸಿಕ್ಕವು.

ಹಾಗಾದರೆ ನಾವು ತಿಳಿಯಬೇಕಾದ್ದೇನು? ಹೆಸರು ಒಂದು ಸುಳಿವು ಮಾತ್ರ. ಅಕ್ಕಪಕ್ಕದ ಊರು, ದಿಕ್ಕು, ದೂರ ಹೊಂದಬೇಕು; ನೆಲದಡಿಯ ವಸ್ತುಗಳ ಕಾಲವೂ ತಾಳೆಯಾಗಬೇಕು. ಊರು ಸಿಕ್ಕಿತೆಂದರೆ ಊರಿತ್ತು ಎಂದಷ್ಟೇ ಅರ್ಥ. ಅಲ್ಲಿ ನಡೆಯಿತೆನ್ನುವ ಪ್ರತಿಯೊಂದು ಘಟನೆಗೂ ಅದು ಪುರಾವೆಯಾಗುವುದಿಲ್ಲ. ಮುಂದಿನ ಸಲ ಅಂಥ ಫಾರ್ವರ್ಡ್ ಬಂದಾಗ, ಹೆಸರಿನ ಹೋಲಿಕೆ ಬಿಟ್ಟರೆ ಅದರಲ್ಲಿ ಇನ್ನೇನಿದೆ ಎಂದು ನೋಡಿ, ಆಮೇಲೆ ಕಳುಹಿಸಿ.